‘ಮಾಡಿಸ್ಯಾರ’: ಬಾನಾಮತಿ, ಜೈನ ಕಾವ್ಯ ಮತ್ತು ಬೆಳ್ಳಿತೆರೆಯ ಮಾಂತ್ರಿಕ

ರಾಯಚೂರು, ದೇವದುರ್ಗ, ಮಾನ್ವಿ ಸೀಮೆಯ ಆಡುನುಡಿಯಲ್ಲಿ ‘ಮಾಡಿಸ್ಯಾರ’ ಎಂಬ ಕ್ರಿಯಾಪದಕ್ಕೆ ವಿಶಿಷ್ಟವಾದ ಒಂದು ಅರ್ಥವಿದೆ. ಕರೆಯುವ ಎಮ್ಮೆ ಇದ್ದಕ್ಕಿದ್ದಂತೆ ಹಾಲು ಬತ್ತಿಸಿಕೊಂಡರೆ, ಮದುವೆಯಾಗಿ ಹೋದ ಮಗಳು ಅನ್ನ ಬಿಟ್ಟು ಗೋಡೆ ನೋಡುತ್ತ ಕುಳಿತರೆ, ಕೈಗೆ ಬಂದ ಬೆಳೆ ಮನೆಗೆ ಬಾರದೆ ಹೋದರೆ, ‘ಯಾರೋ ಏನೋ ಮಾಡಿಸ್ಯಾರ’ ಎಂಬ ಮಾತು ಹೊರಡುತ್ತದೆ. ಈ ವಾಕ್ಯದ ಕರ್ತೃ ‘ಯಾರೋ’, ಕರ್ಮ ‘ಏನೋ’, ಎರಡೂ ಅನಿಶ್ಚಿತ. ನಿಶ್ಚಿತವಾಗಿರುವುದು ಕ್ರಿಯಾಪದವೊಂದೇ, ಅದೂ ಪ್ರೇರಣಾರ್ಥಕ. ಮಾಡಿದವನೊಬ್ಬ, ಮಾಡಿಸಿದವನು ಇನ್ನೊಬ್ಬ ಎಂಬ ಎರಡು ಮರೆಯ ಪಾತ್ರಗಳನ್ನು ಈ ಒಂದು ಪದ ಒಮ್ಮೆಗೇ ಸೃಷ್ಟಿಸುತ್ತದೆ. ಆ ‘ಯಾರೋ’ ಎಂಬ ಸರ್ವನಾಮದ ಜಾಗದಲ್ಲಿ ಒಂದು ಹೆಸರು ಬಂದು ಕುಳಿತ ಕ್ಷಣದಿಂದ ಅಪಾಯ ಆರಂಭವಾಗುತ್ತದೆ. ಆ ಹೆಸರು ಸಾಮಾನ್ಯವಾಗಿ ಬಲಿಷ್ಠರದಾಗಿರುವುದಿಲ್ಲ. ವಿಧವೆ, ಒಂಟಿ ಮುದುಕ, ಹೊಲದ ಬದುವಿಗಾಗಿ ಜಗಳವಾಡಿದ ದಾಯಾದಿ, ಊರ ಹೊರಗೆ ಬದುಕುವ ಬಡವ, ಇಂಥವರ ಕಡೆಗೇ ಅದು ಹರಿಯುತ್ತದೆ.

ಮಾಟಮಂತ್ರದ ಚರಿತ್ರೆಯನ್ನು ಬರೆಯುವವರು ಬಹುಮಟ್ಟಿಗೆ ಮಾಂತ್ರಿಕನನ್ನು ಕೇಂದ್ರದಲ್ಲಿರಿಸಿಕೊಳ್ಳುತ್ತಾರೆ. ಜನಪ್ರಿಯ ಸಿನಿಮಾ ಮಾಡುವುದೂ ಅದನ್ನೇ. ಆದರೆ ಈ ಚರಿತ್ರೆಯ ನಿಜವಾದ ಕೇಂದ್ರ ಇರುವುದು ಆಪಾದನೆಯಲ್ಲಿ. ಆಪಾದನೆ ಹೇಗೆ ಹುಟ್ಟಿತು, ಅದನ್ನು ಕನ್ನಡದ ಕಾವ್ಯ ಮತ್ತು ಭಕ್ತಿಪರಂಪರೆಗಳು ಹೇಗೆ ಎದುರಿಸಿದವು, ಬೆಳ್ಳಿತೆರೆ ಅದಕ್ಕೆ ಯಾವ ಮುಖ ಕೊಟ್ಟಿತು ಎಂಬ ಮೂರು ಪ್ರಶ್ನೆಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಮಾತ್ರ ವಿಷಯ ಸ್ಪಷ್ಟವಾಗುತ್ತದೆ.

ಒಂದು ಪದದ ಭೂಗೋಲ

ಮಾಟ, ಮದ್ದು, ಕೃತ್ರಿಮ ಮೊದಲಾದ ಪದಗಳು ಕನ್ನಡ ನಾಡಿನ ಬೇರೆ ಬೇರೆ ಭಾಗಗಳಲ್ಲಿ ಬಳಕೆಯಲ್ಲಿವೆ. ಬೀದರ್, ಕಲಬುರಗಿ, ರಾಯಚೂರು ಸೀಮೆಗೆ ವಿಶಿಷ್ಟವಾದದ್ದು ‘ಬಾನಾಮತಿ’. ಇದೇ ಪದ ಅಲ್ಪಸ್ವಲ್ಪ ಉಚ್ಚಾರಭೇದದೊಡನೆ ಮರಾಠವಾಡದ ಮರಾಠಿಯಲ್ಲಿಯೂ ತೆಲಂಗಾಣದ ತೆಲುಗಿನಲ್ಲಿಯೂ ಇದೆ. ಪದ ಹರಡಿರುವ ಈ ಪ್ರದೇಶವನ್ನು ನಕಾಶೆಯ ಮೇಲೆ ಗುರುತಿಸಿದರೆ ಅದು ಹೆಚ್ಚುಕಡಿಮೆ ಹಳೆಯ ಹೈದರಾಬಾದ್ ಸಂಸ್ಥಾನದ ಗಡಿಗೆ ಹೊಂದಿಕೊಳ್ಳುತ್ತದೆ. 1853ರಿಂದ 1860ರವರೆಗಿನ ಅಲ್ಪಾವಧಿಯ ಬ್ರಿಟಿಷ್ ಆಡಳಿತವನ್ನು ಬಿಟ್ಟರೆ ರಾಯಚೂರು ದೋಆಬ್ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು. 1956ರ ನವೆಂಬರ್ 1ರಂದು ಕನ್ನಡ ರಾಜ್ಯವನ್ನು ಸೇರಿತು. ಆಡಳಿತದ ಗಡಿ ಅಳಿಸಿಹೋದ ಮೇಲೂ ಭಯದ ಗಡಿ ಉಳಿದುಕೊಂಡಿತು ಎನ್ನಲು ಈ ಪದವೇ ಸಾಕ್ಷಿ. ಉತ್ತರ ಭಾರತದ ನುಡಿಗಟ್ಟುಗಳಲ್ಲಿ ಭಾನುಮತಿ ಒಬ್ಬ ಇಂದ್ರಜಾಲಗಾರ್ತಿ. ಅವಳ ಪೆಟ್ಟಿಗೆಯಿಂದ ಏನು ಬೇಕಾದರೂ ಹೊರಬರಬಹುದು. ಅಲ್ಲಿ ಬೆರಗಿನ ಹೆಸರಾಗಿರುವ ಧ್ವನಿಯನ್ನು ಹೋಲುವ ಪದವೇ ದಖ್ಖನಿನಲ್ಲಿ ಬೆದರಿಕೆಯ ಹೆಸರಾಗಿರುವುದು ಗಮನಾರ್ಹ.

ಬಾನಾಮತಿಯ ಲಕ್ಷಣಗಳೆಂದು ಜನ ಹೇಳುವ ಸಂಗತಿಗಳು ಊರಿಂದೂರಿಗೆ ಹೆಚ್ಚು ಬದಲಾಗುವುದಿಲ್ಲ. ಮನೆಯ ಮೇಲೆ ಕಲ್ಲು ಬೀಳುವುದು, ಪೆಟ್ಟಿಗೆಯಲ್ಲಿಟ್ಟ ಬಟ್ಟೆಗೆ ಬೆಂಕಿ ಹತ್ತುವುದು, ಮೈಮೇಲೆ ಗೀರು ಮೂಡುವುದು, ಹೆಂಗಸರು ಗುಂಪಾಗಿ ನಾಯಿಯಂತೆ ಬೊಗಳುವುದು ಅಥವಾ ಮೂರ್ಛೆ ಹೋಗುವುದು. ಇದಕ್ಕೆ ಕಂಡುಕೊಂಡ ಪರಿಹಾರಗಳೂ ಒಂದೇ ಬಗೆಯವು. ಅಂತ್ರ ಕಟ್ಟಿಸುವುದು, ದೃಷ್ಟಿ ತೆಗೆಯುವುದು, ಮೂರು ದಾರಿ ಕೂಡುವಲ್ಲಿ ನಿಂಬೆಹಣ್ಣು ಒಗೆಯುವುದು, ದರ್ಗಾಕ್ಕೆ ಅಥವಾ ಗಾಣಗಾಪುರದ ದತ್ತನ ಸನ್ನಿಧಿಗೆ ಕರೆದೊಯ್ಯುವುದು. ಇವು ನಿರುಪದ್ರವಿ. ನಿರುಪದ್ರವಿಯಲ್ಲದ ಪರಿಹಾರವೂ ಒಂದಿತ್ತು. ಬಾನಾಮತಿಯ ನಂಬಿಕೆ ಬಲವಾಗಿದ್ದ ಕಡೆಗಳಲ್ಲಿ, ವಿಶೇಷವಾಗಿ ತೆಲಂಗಾಣದ ಮೆದಕ್ ಸೀಮೆಯಲ್ಲಿ, ಆಪಾದಿತನ ಹಲ್ಲುಗಳನ್ನು ಕೀಳುವ ರೂಢಿ ವರದಿಯಾಗಿದೆ. ಹಲ್ಲಿಲ್ಲದ ಬಾಯಿಂದ ಮಂತ್ರ ಶುದ್ಧವಾಗಿ ಹೊರಡದು, ಅಶುದ್ಧ ಮಂತ್ರ ಫಲಿಸದು ಎಂಬುದು ಅದರ ಹಿಂದಿನ ತರ್ಕ.

ಈ ತರ್ಕವನ್ನು ಕೇವಲ ಕ್ರೌರ್ಯವೆಂದು ಪಕ್ಕಕ್ಕಿಡುವುದು ಸುಲಭ. ಆದರೆ ಅದರಲ್ಲಿ ಭಾಷೆಯ ಬಗೆಗಿನ ಒಂದು ಬಲವಾದ ಸಿದ್ಧಾಂತ ಅಡಗಿದೆ. ದಂತ್ಯಾಕ್ಷರಗಳು ಕೆಟ್ಟರೆ ಮಾತಿನ ಶಕ್ತಿಯೇ ಕೆಡುತ್ತದೆ ಎಂಬ ನಂಬಿಕೆ, ಸ್ವರ ಮತ್ತು ವರ್ಣದ ಶುದ್ಧಿಯನ್ನು ಮಂತ್ರದ ಪ್ರಾಣವೆಂದು ತಿಳಿದ ಪಂಡಿತ ಪರಂಪರೆಯ ನಂಬಿಕೆಯೇ. ಶಾಸ್ತ್ರದಲ್ಲಿ ಶಿಕ್ಷಾಂಗವಾಗಿದ್ದದ್ದು ಹಳ್ಳಿಯಲ್ಲಿ ಶಿಕ್ಷೆಯಾಯಿತು. ಮೇಲಿನವರ ವಿದ್ಯೆ ಮತ್ತು ಕೆಳಗಿನವರ ಮೌಢ್ಯ ಎಂಬ ಸರಳ ವಿಭಜನೆ ಇಲ್ಲಿ ನಿಲ್ಲುವುದಿಲ್ಲ.

ಮಾನ್ಯಖೇಟದ ತಂತ್ರ, ಪೊಟ್ಟಲಗೆರೆಯ ಪರೀಕ್ಷೆ

ಈ ಪ್ರದೇಶದ ಜೈನ ಪರಂಪರೆಗೆ ಮಂತ್ರವಿದ್ಯೆ ಅಪರಿಚಿತವಾಗಿರಲಿಲ್ಲ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ, ಎಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ, ಶಕ 861ರಲ್ಲಿ, ಅಂದರೆ ಕ್ರಿ.ಶ. 939ರಲ್ಲಿ, ಇಂದ್ರನಂದಿಯು ಸಂಸ್ಕೃತದಲ್ಲಿ ‘ಜ್ವಾಲಾಮಾಲಿನೀ ಕಲ್ಪ’ವನ್ನು ಪೂರೈಸಿದನು. ಆ ವಿದ್ಯೆಯ ಉಗಮವನ್ನು ಕುರಿತು ಗ್ರಂಥವೇ ಕೊಡುವ ಕಥೆ ಸ್ವಾರಸ್ಯಕರವಾಗಿದೆ. ಹೇಲಾಚಾರ್ಯನ ಶಿಷ್ಯೆ ಕಮಲಶ್ರೀ ಬ್ರಹ್ಮರಾಕ್ಷಸನ ಹಿಡಿತಕ್ಕೆ ಸಿಕ್ಕಾಗ, ಅವಳ ನೋವನ್ನು ನೋಡಲಾರದೆ ಆಚಾರ್ಯನು ಬೆಟ್ಟವನ್ನೇರಿ ದೇವಿಯನ್ನು ಆರಾಧಿಸುತ್ತಾನೆ. ಮೈಮೇಲೆ ಬಂದ ಹೆಣ್ಣೊಬ್ಬಳ ಸಂಕಟವೇ ಇಲ್ಲಿ ಒಂದು ಶಾಸ್ತ್ರದ ಜನ್ಮಕಾರಣ. ಮುಂದಿನ ಶತಮಾನದಲ್ಲಿ ಮುಳುಗುಂದದ ಮಲ್ಲಿಷೇಣನು ಬರೆದ ‘ಭೈರವ ಪದ್ಮಾವತೀ ಕಲ್ಪ’ದಲ್ಲಿ ಸ್ತಂಭನ, ವಶ್ಯ, ಆಕರ್ಷಣಗಳ ವಿಧಾನಗಳಿಗೂ ಸ್ಥಾನ ದೊರೆಯಿತು.

ಇದೇ ಪರಂಪರೆ ಇದಕ್ಕೆ ವಿರುದ್ಧವಾದ ಧ್ವನಿಯನ್ನೂ ಹೊರಡಿಸಿತು. ಸಮಂತಭದ್ರನ ‘ರತ್ನಕರಂಡಕ ಶ್ರಾವಕಾಚಾರ’ವು ಲೋಕಮೂಢ, ದೇವಮೂಢ, ಪಾಷಂಡಿಮೂಢ ಎಂದು ಮೂರು ಬಗೆಯ ಮೌಢ್ಯಗಳನ್ನು ಗುರುತಿಸಿ, ಇವುಗಳಿಂದ ಮುಕ್ತವಾದ ದೃಷ್ಟಿಯನ್ನು ಸಮ್ಯಕ್ತ್ವದ ಅಂಗವೆಂದಿತು. ಹನ್ನೆರಡನೆಯ ಶತಮಾನದ ಬ್ರಹ್ಮಶಿವನು ‘ಸಮಯಪರೀಕ್ಷೆ’ಯಲ್ಲಿ ತನ್ನ ಕಾಲದ ಜನ ಪೂಜಿಸುತ್ತಿದ್ದ ದೈವಗಳನ್ನು ಒಂದೊಂದಾಗಿ ಹಿಡಿದು ಪ್ರಶ್ನಿಸಿದನು. ಅವನ ಊರು ಪೊಟ್ಟಲಗೆರೆ, ಹೈದರಾಬಾದಿನ ಸಮೀಪದ ಇಂದಿನ ಪಟಾನ್‌ಚೆರು. ಬಾನಾಮತಿಯ ಸೀಮೆಯೊಳಗೇ ಬರುವ ಸ್ಥಳ. ಹದಿನಾಲ್ಕನೆಯ ಶತಮಾನದ ವೃತ್ತವಿಲಾಸನ ‘ಧರ್ಮಪರೀಕ್ಷೆ’ ಇದೇ ಜಾಡಿನಲ್ಲಿ ನಡೆಯಿತು.

ಈ ಎರಡು ಧಾರೆಗಳಲ್ಲಿ ಒಂದನ್ನು ಮಾತ್ರ ಆರಿಸಿಕೊಂಡು ಜೈನಧರ್ಮವನ್ನು ‘ವೈಚಾರಿಕ’ವೆಂದೋ ‘ತಾಂತ್ರಿಕ’ವೆಂದೋ ಕರೆಯುವುದು ಚರಿತ್ರೆಗೆ ನ್ಯಾಯವಲ್ಲ. ಪರೀಕ್ಷೆಯ ಗ್ರಂಥಗಳೂ ನಿರ್ದೋಷಿಯಲ್ಲ. ಬ್ರಹ್ಮಶಿವನ ವಿಡಂಬನೆಯ ಗುರಿ ಪರಮತಗಳು. ತನ್ನ ಮತದೊಳಗಿನ ಯಕ್ಷಿಯ ಆರಾಧನೆಯನ್ನು ಅವನು ಅದೇ ಕಠೋರತೆಯಿಂದ ಪರೀಕ್ಷೆಗೊಡ್ಡಲಿಲ್ಲ. ಪರರ ದೈವ ಮೌಢ್ಯ, ತನ್ನ ದೈವ ಶಾಸನದೇವತೆ ಎಂಬ ಇಬ್ಬಗೆ ಎಲ್ಲ ಮತಗಳಲ್ಲಿಯೂ ಇದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಹೊರಗಿನಿಂದ ಬಂದವರು ಅದನ್ನೇ ಇನ್ನಷ್ಟು ದೊಡ್ಡ ಪ್ರಮಾಣದಲ್ಲಿ ಮಾಡಿದರು. ತುಳುನಾಡಿನ ಭೂತಾರಾಧನೆಯನ್ನು ಕುರಿತು ಎ.ಸಿ. ಬರ್ನೆಲ್ ಸಂಗ್ರಹಿಸಿದ ಅಮೂಲ್ಯ ಸಾಮಗ್ರಿ 1894ರಿಂದ ಪ್ರಕಟವಾದದ್ದು ತುಳುವರ ‘ಪಿಶಾಚಪೂಜೆ’ ಎಂಬ ಅರ್ಥದ ಶೀರ್ಷಿಕೆಯಡಿಯಲ್ಲಿ. ಯುರೋಪಿನ ಕ್ರೈಸ್ತರು ತಮ್ಮ ಪೂರ್ವಜರ ದೈವಗಳಿಗೆ ಅಂಟಿಸಿದ್ದ ‘ಪೇಗನ್’ ಎಂಬ ಹಣೆಪಟ್ಟಿ ಇಲ್ಲಿನ ಗ್ರಾಮದೇವತೆಗಳಿಗೂ ಬಂದಿತು. ಒಂದು ಸಮುದಾಯದ ಆರಾಧನೆಗೂ ಒಬ್ಬ ವ್ಯಕ್ತಿಯ ಮೇಲಿನ ಮಾಟದ ಆಪಾದನೆಗೂ ಇರುವ ಅಂತರವನ್ನು ಈ ಹಣೆಪಟ್ಟಿ ಅಳಿಸಿಹಾಕಿತು. ಇಂದಿನ ಜನಪ್ರಿಯ ಸಂಸ್ಕೃತಿ ಆ ಗೊಂದಲವನ್ನು ಈಗಲೂ ಹೊತ್ತುಕೊಂಡಿದೆ.

ಹಿಟ್ಟಿನ ಕೋಳಿ ಕೂಗಿದಾಗ

ಹೊಯ್ಸಳ ವೀರಬಲ್ಲಾಳನ ಆಸ್ಥಾನದ ಜನ್ನನು 1209ರಲ್ಲಿ ಮುಗಿಸಿದ ‘ಯಶೋಧರ ಚರಿತೆ’ ಈ ಪ್ರಶ್ನೆಯನ್ನು ಬೇರೊಂದು ನೆಲೆಗೆ ಒಯ್ಯುತ್ತದೆ. ಕಾವ್ಯ ಆರಂಭವಾಗುವುದೇ ಚಂಡಮಾರಿಯ ಗುಡಿಯಲ್ಲಿ, ಬಲಿಗೆ ಸಿದ್ಧವಾದ ಕತ್ತಿಯ ಮುಂದೆ. ಮಾರಿದತ್ತ ರಾಜನು ಬಲಿಗೆಂದು ಹಿಡಿದು ತರಿಸಿದ ಎಳೆಯ ತಪಸ್ವಿಗಳಾದ ಅಭಯರುಚಿ, ಅಭಯಮತಿಯರು ಹೆದರದೆ ತಮ್ಮ ಹಿಂದಿನ ಭವಗಳ ಕಥೆ ಹೇಳುತ್ತಾರೆ. ದುಃಸ್ವಪ್ನದ ಶಾಂತಿಗಾಗಿ ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದ ಯಶೋಧರ, ಜೀವಹಿಂಸೆಗೆ ಒಪ್ಪದೆ, ಹಿಟ್ಟಿನ ಕೋಳಿಯನ್ನು ಬಲಿ ಕೊಡುತ್ತಾನೆ. ಕತ್ತಿ ಬಿದ್ದಾಗ ಬೆಂತರದ ಆವೇಶದಿಂದ ಆ ಹಿಟ್ಟಿನ ಕೋಳಿ ಕೂಗುತ್ತದೆ. ಆ ಒಂದು ಸಂಕಲ್ಪಹಿಂಸೆಗಾಗಿ ತಾಯಿ ಮತ್ತು ಮಗ ಭವಭವಗಳಲ್ಲಿ ಪ್ರಾಣಿಗಳಾಗಿ ಹುಟ್ಟಿ ಕೊಲ್ಲಲ್ಪಡುತ್ತಾರೆ.

ಮಾಟದ ಪ್ರಶ್ನೆಗೆ ಈ ಕಾವ್ಯದ ಪ್ರಸ್ತುತತೆ ದೊಡ್ಡದು. ಹಿಟ್ಟಿನ ಕೋಳಿಯೂ ಮಾಟದ ಗೊಂಬೆಯೂ ಒಂದೇ ಜಾತಿಯ ವಸ್ತುಗಳು. ಎರಡೂ ಬದಲಿ ದೇಹಗಳು. ಗೊಂಬೆಗೆ ಸೂಜಿ ಚುಚ್ಚಿದರೆ ದೂರದ ಮನುಷ್ಯ ಸಾಯುತ್ತಾನೆಯೇ ಎಂದು ಜನ್ನ ಕೇಳುವುದಿಲ್ಲ. ಚುಚ್ಚಿದವನಿಗೆ ಏನಾಗುತ್ತದೆ ಎಂದು ಕೇಳುತ್ತಾನೆ. ಫಲ ಗುರಿಯಾದವನ ಕಡೆಗಲ್ಲ, ಸಂಕಲ್ಪಿಸಿದವನ ಕಡೆಗೇ ಹರಿಯುತ್ತದೆ ಎಂಬುದು ಕಾವ್ಯದ ನಿಲುವು. ಹೀಗೆ ನೋಡಿದಾಗ ಮಾಟಕ್ಕೆ ಹೆದರಬೇಕಾದವನು ಅದಕ್ಕೆ ಗುರಿಯಾದವನಲ್ಲ, ಅದನ್ನು ಮಾಡಿಸಿದವನು. ಹೆದರಿಕೆಯ ದಿಕ್ಕು ಬದಲಾದರೆ ನೆರೆಯವನ ಹಲ್ಲು ಕೀಳುವ ಅಗತ್ಯವೇ ಬೀಳುವುದಿಲ್ಲ.

ಉಮಾಸ್ವಾತಿಯ ‘ತತ್ತ್ವಾರ್ಥಸೂತ್ರ’ವು ಕರ್ಮಾಸ್ರವದ ಆಧಾರಗಳನ್ನು ಲೆಕ್ಕ ಹಾಕುವಾಗ ಕೃತ, ಕಾರಿತ, ಅನುಮತ ಎಂಬ ತ್ರಿಕವನ್ನು ಬಳಸುತ್ತದೆ. ತಾನೇ ಮಾಡಿದ್ದು, ಇನ್ನೊಬ್ಬರಿಂದ ಮಾಡಿಸಿದ್ದು, ಮಾಡಿದ್ದನ್ನು ಒಪ್ಪಿದ್ದು. ಸಂರಂಭ, ಸಮಾರಂಭ, ಆರಂಭಗಳೆಂಬ ಮೂರು ಹಂತ, ಮನ, ವಚನ, ಕಾಯಗಳೆಂಬ ಮೂರು ಯೋಗ, ನಾಲ್ಕು ಕಷಾಯ, ಇವುಗಳೊಡನೆ ಗುಣಿಸಿದಾಗ 108 ಭೇದಗಳಾಗುತ್ತವೆ. ರಾಯಚೂರು ಸೀಮೆಯ ‘ಮಾಡಿಸ್ಯಾರ’ ಈ ತ್ರಿಕದಲ್ಲಿ ಎರಡನೆಯದನ್ನು ಮಾತ್ರ ಬಲ್ಲದು. ಮೂರನೆಯದಾದ ಅನುಮತವನ್ನು, ಎಂದರೆ ಕಟ್ಟೆಯ ಮೇಲೆ ಕುಳಿತು ‘ಹೌದು, ಅವನದೇ ಕೆಲಸ’ ಎಂದು ತಲೆಯಾಡಿಸುವವರ ಪಾಲನ್ನು, ಆಡುನುಡಿ ಹೆಸರಿಸುವುದಿಲ್ಲ. ಆಪಾದಿತನನ್ನು ಊರು ಕೂಡಿ ಥಳಿಸುವಾಗ ಕೈ ಎತ್ತಿದವರು ಕೆಲವರು, ಒಪ್ಪಿ ನಿಂತವರು ಹಲವರು.

ದಾಸರ ಹೊಟ್ಟೆನೋವು

ಇದೇ ನೆಲದ ಹರಿದಾಸ ಪರಂಪರೆ ಸಂಕಟದ ಕಾರಣವನ್ನು ಹುಡುಕಿದ್ದು ಇನ್ನೊಂದು ರೀತಿಯಲ್ಲಿ. ವಿಜಯದಾಸರು ಮಾನ್ವಿ ತಾಲೂಕಿನ ಚೀಕಲಪರ್ವಿಯವರು. ಗೋಪಾಲದಾಸರು ದೇವದುರ್ಗ ತಾಲೂಕಿನ ಮೊಸರಕಲ್ಲಿನವರು. ‘ಹರಿಕಥಾಮೃತಸಾರ’ದ ಕರ್ತೃ ಜಗನ್ನಾಥದಾಸರು ಮಾನ್ವಿ ತಾಲೂಕಿನ ಬ್ಯಾಗವಾಟದವರು. ಈ ಮೂವರನ್ನು ಕೂಡಿಸುವ ಐತಿಹ್ಯವೊಂದು ಈ ಭಾಗದ ಮನೆಮನೆಗೂ ಗೊತ್ತು. ಸಂಸ್ಕೃತ ಪಾಂಡಿತ್ಯದ ಹೆಮ್ಮೆಯಲ್ಲಿದ್ದ ಶ್ರೀನಿವಾಸಾಚಾರ್ಯರು ಕನ್ನಡದಲ್ಲಿ ಹಾಡುವ ವಿಜಯದಾಸರ ಪಂಕ್ತಿಯ ಊಟವನ್ನು ಹೊಟ್ಟೆನೋವಿನ ನೆಪ ಹೇಳಿ ತಪ್ಪಿಸಿಕೊಂಡರು. ನೆಪ ನಿಜವಾಯಿತು, ರೋಗ ಬಲಿತು ಪ್ರಾಣಕ್ಕೆ ಬಂದಿತು. ಕೊನೆಗೆ ಗುರುವಿಗೆ ಶರಣಾಗಿ, ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ 40 ವರ್ಷಗಳನ್ನು ದಾನ ಮಾಡಲು, ಅವರು ಜಗನ್ನಾಥದಾಸರಾದರು.

ಈ ಕಥೆಯ ಚಾರಿತ್ರಿಕತೆಗಿಂತ ಅದರ ರಚನೆ ಮುಖ್ಯ. ಬಾನಾಮತಿಯ ಕಥೆಯಲ್ಲಿರುವ ಅಂಗಗಳೆಲ್ಲ ಇಲ್ಲಿಯೂ ಇವೆ: ವಿವರಣೆಗೆ ಸಿಗದ ರೋಗ, ಮನಸ್ತಾಪ, ಮಾತಿನ ಶಕ್ತಿ, ಮಧ್ಯಸ್ಥನಿಂದ ಪರಿಹಾರ. ಆದರೆ ಬಾಣದ ದಿಕ್ಕು ವಿರುದ್ಧ. ರೋಗಿಯು ‘ಯಾರು ಮಾಡಿಸಿದರು’ ಎಂದು ನೆರೆಹೊರೆಯತ್ತ ನೋಡುವುದಿಲ್ಲ. ತನ್ನ ಅಹಂಕಾರದತ್ತ ನೋಡುತ್ತಾನೆ. ಪರಿಹಾರ ದೊರೆಯುವುದು ಪ್ರತೀಕಾರದಿಂದಲ್ಲ, ಕ್ಷಮಾಯಾಚನೆಯಿಂದ ಮತ್ತು ಮತ್ತೊಬ್ಬನ ತ್ಯಾಗದಿಂದ. ಈ ನಿಲುವಿಗೂ ಮಿತಿಯುಂಟು. ರೋಗಿಯನ್ನೇ ರೋಗಕ್ಕೆ ಹೊಣೆಯಾಗಿಸುವ ಅಪಾಯ ಅದರಲ್ಲಿದೆ. ಆದರೂ ಒಂದೇ ಸೀಮೆಯಲ್ಲಿ, ಒಂದೇ ಬಗೆಯ ಅಸಹಾಯಕತೆಗೆ, ಆಪಾದಿತನನ್ನು ಬೇಡದ ಒಂದು ವಿವರಣೆಯೂ ಲಭ್ಯವಿತ್ತು ಎಂಬುದನ್ನು ಮರೆಯಲಾಗದು.

ಮಾಂತ್ರಿಕನಿಗೆ ಮುಖ ಬಂದದ್ದು

ಗಡಿಯ ಊರಾದ ರಾಯಚೂರಿನ ಪ್ರೇಕ್ಷಕರಿಗೆ ಕನ್ನಡದಷ್ಟೇ ತೆಲುಗು ಸಿನಿಮಾವೂ ಪರಿಚಿತ. ಆದ್ದರಿಂದ ಇಲ್ಲಿನ ಕಲ್ಪನೆಯ ಮಾಂತ್ರಿಕನನ್ನು ರೂಪಿಸಿದ್ದು ಎರಡೂ ಭಾಷೆಗಳ ತೆರೆ. 1951ರಲ್ಲಿ ಕೆ.ವಿ. ರೆಡ್ಡಿಯವರ ‘ಪಾತಾಳ ಭೈರವಿ’ ತೆರೆಕಂಡಿತು. ಎಸ್.ವಿ. ರಂಗರಾವ್ ಅವರ ನೇಪಾಳ ಮಾಂತ್ರಿಕನು ಗಡ್ಡ, ದಂಡ, ಗಹಗಹಿಸುವ ನಗುವಿನೊಡನೆ ಮುಂದಿನ ತಲೆಮಾರುಗಳ ಮಾಂತ್ರಿಕರಿಗೆಲ್ಲ ಮಾದರಿಯಾದ. ಕಥೆಯ ತಿರುವು ಗಮನಿಸತಕ್ಕದ್ದು. ದೇವಿಗೆ ಸಾಹಸಿ ಯುವಕನನ್ನು ಬಲಿ ಕೊಡಲು ಹೊರಟ ಮಾಂತ್ರಿಕನನ್ನೇ ನಾಯಕ ಬಲಿ ಕೊಡುತ್ತಾನೆ, ದೇವಿ ಪ್ರಸನ್ನಳಾಗುತ್ತಾಳೆ. ಜನ್ನನಲ್ಲಿ ಬಲಿಯೇ ನಿಂತುಹೋಯಿತು. ಇಲ್ಲಿ ಬಲಿಪಶು ಮಾತ್ರ ಬದಲಾಯಿತು. ದುಷ್ಟನನ್ನು ಕೊಂದರೆ ಬಲಿ ಧರ್ಮವಾಗುತ್ತದೆ ಎಂಬ ಈ ವ್ಯಾಕರಣ ಜನಪ್ರಿಯ ಸಿನಿಮಾದ ತಳಪಾಯದಲ್ಲಿದೆ, ಊರ ಕಟ್ಟೆಯ ನ್ಯಾಯದ ತಳಪಾಯದಲ್ಲಿಯೂ ಇದೆ.

ಅದೇ 1951ರಲ್ಲಿ ಕನ್ನಡದಲ್ಲಿ ಡಿ. ಶಂಕರ್‌ಸಿಂಗ್ ಅವರ ‘ಜಗನ್ಮೋಹಿನಿ’ ಬಂದಿತು. ಮೈಸೂರಿನ ಮಹಾತ್ಮ ಪಿಕ್ಚರ್ಸ್‌ನಲ್ಲಿ ಅವರ ಜೊತೆಗಾರರಾಗಿದ್ದ, ಉಡುಪಿ ಸೀಮೆಯ ಬಿ. ವಿಠಲಾಚಾರ್ಯರು ಮುಂದೆ ತೆಲುಗಿಗೆ ಹೋಗಿ ‘ಜಾನಪದ ಬ್ರಹ್ಮ’ರೆನಿಸಿದರು. ಅದೇ ಹೆಸರಿನ ತೆಲುಗು ಚಿತ್ರವನ್ನು ಅವರು 1978ರಲ್ಲಿ ನಿರ್ದೇಶಿಸಿದರು. ಅವರ ಕುಣಿಯುವ ಎಲುಬುಗಳು, ಉದ್ದವಾಗುವ ಕೈಗಳು ಇಂದು ನಗೆ ತರಿಸಬಹುದು. ಆದರೆ ಈ ಚಿತ್ರಗಳ ಕಾಲ ‘ಒಂದಾನೊಂದು ಕಾಲ’, ಸ್ಥಳ ‘ಒಂದು ರಾಜ್ಯ’. ಮಾಂತ್ರಿಕ ಗುಹೆಯಲ್ಲಿದ್ದನೇ ಹೊರತು ಪಕ್ಕದ ಮನೆಯಲ್ಲಿರಲಿಲ್ಲ. ಈ ದೂರವೇ ಪ್ರೇಕ್ಷಕನಿಗೂ ನೆರೆಯವನಿಗೂ ಒಂದು ರಕ್ಷೆಯಾಗಿತ್ತು.

ಆ ದೂರ ಕರಗಿದ್ದು ಮುಂದಿನ ಎರಡು ದಶಕಗಳಲ್ಲಿ. 1979ರ ‘ನಾ ನಿನ್ನ ಬಿಡಲಾರೆ’ಯಲ್ಲಿ ಪ್ರೇತ ಹಿಡಿಯುವುದು ಸಮಕಾಲೀನ ಸುಶಿಕ್ಷಿತ ಗೃಹಸ್ಥನನ್ನು; ಬಿಡುಗಡೆ ದೊರೆಯುವುದು ರಾಘವೇಂದ್ರಸ್ವಾಮಿಗಳ ಕೃಪೆಯಿಂದ. ತುಂಗಭದ್ರೆಯ ಆಚೆ ದಡದ ಮಂತ್ರಾಲಯ ರಾಯಚೂರಿನವರಿಗೆ ನೆರೆಯ ಕ್ಷೇತ್ರವಾದ್ದರಿಂದ ಆ ಕಥೆ ಇಲ್ಲಿ ಕೇವಲ ಕಥೆಯಾಗಿ ಉಳಿಯುವಂತಿರಲಿಲ್ಲ. ಎಂಬತ್ತರ ದಶಕದ ಆರಂಭದಲ್ಲಿ ಯಂಡಮೂರಿ ವೀರೇಂದ್ರನಾಥರ ತೆಲುಗು ಕಾದಂಬರಿ ‘ತುಳಸಿದಳ’ ಬಂದಿತು. ಕನ್ನಡ ಅನುವಾದದಲ್ಲಿಯೂ ಅಪಾರ ಓದುಗರನ್ನು ಪಡೆಯಿತು. 1985ರಲ್ಲಿ ವೇಮಗಲ್ ಜಗನ್ನಾಥರಾವ್ ಅದನ್ನು ಕನ್ನಡ ಚಿತ್ರವಾಗಿಸಿದರು. ಆಸ್ತಿಯ ಆಸೆಗೆ ಪುಟ್ಟ ಬಾಲಕಿಯ ಮೇಲೆ ‘ಕಾಷ್ಮೋರ’ ಪ್ರಯೋಗ ಮಾಡಿಸುವ ಕಥೆಯಿದು. ಮಾಡಿಸುವವರು ಹತ್ತಿರದವರೇ. ವೈದ್ಯನ ವಿವರಣೆ, ಮಾಂತ್ರಿಕನ ವಿವರಣೆ ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ಆಯ್ಕೆಯನ್ನು ಓದುಗನಿಗೆ ಬಿಡುವ ತಂತ್ರ ಇದರಲ್ಲಿದೆ. ತೆಲುಗಿನ ಲೇಖಕಿ ರಂಗನಾಯಕಮ್ಮ ಇದನ್ನು ಕಟುವಾಗಿ ವಿರೋಧಿಸಿ, ಇದು ತುಳಸಿದಳವಲ್ಲ, ಗಾಂಜಾದ ದಮ್ಮು ಎಂಬರ್ಥದ ಹೆಸರಿನಲ್ಲಿ ಒಂದು ಪುಸ್ತಕವನ್ನೇ ಬರೆದರು. ಬಾನಾಮತಿಯ ಹೆಸರಿನಲ್ಲಿ ಹಲ್ಲೆಗಳು ನಡೆಯುತ್ತಿದ್ದ ಪ್ರದೇಶದಲ್ಲಿ, ‘ಎರಡೂ ಇರಬಹುದು’ ಎಂಬ ಕಲಾತ್ಮಕ ಅನಿಶ್ಚಿತತೆ ಓದುಗನ ಮನಸ್ಸಿನಲ್ಲಿ ಯಾವ ಕಡೆಗೆ ವಾಲುತ್ತದೆ ಎಂಬುದು ಕೇವಲ ಸಾಹಿತ್ಯವಿಮರ್ಶೆಯ ಪ್ರಶ್ನೆಯಾಗಿರಲಿಲ್ಲ.

ಇದಕ್ಕೆ ಸಮಾನಾಂತರವಾಗಿ ಇನ್ನೊಂದು ಧಾರೆ ನಡೆದಿತ್ತು. ಶ್ರೀಕೃಷ್ಣ ಆಲನಹಳ್ಳಿಯವರ ಕಾದಂಬರಿಯನ್ನು ಆಧರಿಸಿ ಗಿರೀಶ ಕಾರ್ನಾಡರು 1973ರಲ್ಲಿ ನಿರ್ದೇಶಿಸಿದ ‘ಕಾಡು’ವಿನಲ್ಲಿ, ಗಂಡನನ್ನು ಮರಳಿ ಪಡೆಯಲು ಕಮಲಿ ಮಾಟದ ಮೊರೆ ಹೋಗುತ್ತಾಳೆ. ಅಲ್ಲಿ ‘ಮಾಡಿಸಿದವಳು’ ಖಳನಾಯಕಿಯಲ್ಲ; ಬೇರೆ ಯಾವ ಅಧಿಕಾರವೂ ಇಲ್ಲದ ಹೆಣ್ಣು. ಕಾರ್ನಾಡರ ‘ನಾಗಮಂಡಲ’ದ ರಾಣಿ ಗಂಡನಿಗೆ ಉಣಿಸಬೇಕಿದ್ದ ವಶೀಕರಣದ ಬೇರಿನ ಸಾರನ್ನು ಹೆದರಿ ಹುತ್ತಕ್ಕೆ ಸುರಿಯುತ್ತಾಳೆ. ಮುಂದೆ ಪಂಚರೆದುರು ಹಾವನ್ನು ಹಿಡಿದು ಪ್ರಮಾಣ ಮಾಡಬೇಕಾದಾಗ ಅವಳು ಪಾರಾಗುವುದು ದೇವಿಯಾಗಿ. ದೇವಿಯಾಗದಿದ್ದರೆ ಅವಳು ಏನಾಗುತ್ತಿದ್ದಳು ಎಂಬ ಪ್ರಶ್ನೆ ನಾಟಕದ ನೆರಳಿನಲ್ಲಿದೆ. ಜನ್ನನ ವಸ್ತುವನ್ನೇ ಎತ್ತಿಕೊಂಡ ‘ಹಿಟ್ಟಿನ ಹುಂಜ’ದಲ್ಲಿ ಕಾರ್ನಾಡರು ಸಂಕಲ್ಪಹಿಂಸೆಯ ತತ್ತ್ವವನ್ನು ಆಧುನಿಕ ದಾಂಪತ್ಯದ ನಡುವೆ ಇಟ್ಟು ಪರೀಕ್ಷಿಸಿದರು.

2004ರ ‘ಆಪ್ತಮಿತ್ರ’ ಎರಡು ಧಾರೆಗಳ ನಡುವಿನ ಜನಪ್ರಿಯ ರಾಜಿ. ನಾಗವಲ್ಲಿ ಪ್ರೇತವಲ್ಲ, ಒಡೆದ ಮನಸ್ಸು ಎಂದು ಮನೋವೈದ್ಯ ಹೇಳುತ್ತಾನೆ. ಆದರೆ ಗುಣಪಡಿಸಲು ಅವನು ಹೂಡುವುದು ಮಂತ್ರವಾದದ ರಂಗಸಜ್ಜಿಕೆಯನ್ನೇ. 2022ರ ‘ಕಾಂತಾರ’ ಬರ್ನೆಲ್ಲನ ಕಾಲದ ‘ಪಿಶಾಚಪೂಜೆ’ ಎಂಬ ಹಣೆಪಟ್ಟಿಯನ್ನು ಕಿತ್ತು, ದೈವವನ್ನು ಭೂಮಿಯ ಹಕ್ಕಿನ ಸಾಕ್ಷಿಯಾಗಿ ನಿಲ್ಲಿಸಿತು. ಇದು ಸಣ್ಣ ಸಾಧನೆಯಲ್ಲ. ಆದರೆ ದೈವಕ್ಕೆ ದೊರೆತ ಈ ಪುನರ್ವಸತಿ ಮಾಟದ ಆಪಾದನೆಗೆ ಗುರಿಯಾದ ಸಾಮಾನ್ಯ ಮನುಷ್ಯನಿಗೆ ತೆರೆಯ ಮೇಲೆ ಇನ್ನೂ ದೊರೆತಿಲ್ಲ. ಯುರೋಪಿನಲ್ಲಿ ಈ ತಿರುವು ಬಹಳ ಹಿಂದೆಯೇ ಆರಂಭವಾಗಿತ್ತು. 1922ರ ‘ಹೆಕ್ಸಾನ್’ ಎಂಬ ಮೂಕಿಚಿತ್ರದಲ್ಲಿ ಬೆಂಜಮಿನ್ ಕ್ರಿಸ್ಟೆನ್‌ಸನ್, ಹಿಂದೆ ಮಾಟಗಾತಿಯರೆಂದು ಸುಡಲ್ಪಟ್ಟವರನ್ನೂ ತಮ್ಮ ಕಾಲದ ಮಾನಸಿಕ ರೋಗಿಗಳನ್ನೂ ಅಕ್ಕಪಕ್ಕದಲ್ಲಿರಿಸಿದರು. 1692ರಲ್ಲಿ ಅಮೆರಿಕದ ಸೇಲಂನಲ್ಲಿ ಮಾಟದ ಆಪಾದನೆಯ ಮೇಲೆ 19 ಜನರನ್ನು ಗಲ್ಲಿಗೇರಿಸಿದ ಘಟನೆ ಆರ್ಥರ್ ಮಿಲ್ಲರ್‌ನ 1953ರ ನಾಟಕ ‘ದಿ ಕ್ರೂಸಿಬಲ್’ನಲ್ಲಿ ಆಪಾದಿತರ ದೃಷ್ಟಿಯಿಂದಲೇ ಕಥನವಾಯಿತು. ಹಲ್ಲು ಕಳೆದುಕೊಂಡವನ ದೃಷ್ಟಿಯಿಂದ ಬಾನಾಮತಿಯನ್ನು ಹೇಳುವ, ಅದೇ ಪ್ರಮಾಣದ ಕನ್ನಡ ನಾಟಕವೋ ಚಿತ್ರವೋ ಜನಮನದಲ್ಲಿ ನೆಲೆಯೂರಿಲ್ಲ.

ವೈದ್ಯ, ಕಾನೂನು, ಅನುಮೋದನೆ

ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳ ಮತ್ತು ಮೂಢನಂಬಿಕೆಗಳ ಪರಿಶೀಲನೆಗೆ ಸಮಿತಿಯೊಂದನ್ನು ರಚಿಸಿ ಚರ್ಚೆಯನ್ನು ಸಾರ್ವಜನಿಕಗೊಳಿಸಿದರು. ನಿಮ್ಹಾನ್ಸ್‌ನ ಮನೋವೈದ್ಯ ಸಿ.ಆರ್. ಚಂದ್ರಶೇಖರ್ ಅವರು ಮೈಮೇಲೆ ಬರುವ ವಿದ್ಯಮಾನವನ್ನು ಅಧ್ಯಯನ ಮಾಡಿ, ಕನ್ನಡದ ಸಾಮಾನ್ಯ ಓದುಗರಿಗೆ ಅರ್ಥವಾಗುವಂತೆ ಬರೆದರು. ಅದುಮಿಟ್ಟ ದುಃಖ ದೇಹದ ಭಾಷೆಯಲ್ಲಿ ಹೊರಬರುತ್ತದೆ, ಒಬ್ಬರಿಂದೊಬ್ಬರಿಗೆ ಹರಡುತ್ತದೆ ಎಂಬ ತಿಳಿವಳಿಕೆ ಹೀಗೆ ಕನ್ನಡದ್ದಾಯಿತು. ಅತ್ತೆಯ ಮನೆಯಲ್ಲಿ ಬಾಯಿ ತೆರೆಯಲಾಗದ ಸೊಸೆ ಬೊಗಳುವಾಗಲಾದರೂ ಎಲ್ಲರೂ ಕಿವಿಗೊಡುತ್ತಾರೆ. ಆ ಬೊಗಳಿಕೆಯನ್ನು ಮಾತೆಂದು ಕೇಳಿಸಿಕೊಂಡಿದ್ದರೆ ‘ಯಾರು ಮಾಡಿಸಿದರು’ ಎಂಬ ಪ್ರಶ್ನೆಯ ಬದಲು ‘ಇವಳಿಗೆ ಏನಾಗಿದೆ’ ಎಂಬ ಪ್ರಶ್ನೆ ಏಳುತ್ತಿತ್ತು. ಕಮಲಶ್ರೀಯ ಮುಂದೆ ಹೇಲಾಚಾರ್ಯ ನಿಂತದ್ದು ಈ ಎರಡನೆಯ ಪ್ರಶ್ನೆಯೊಡನೆ. ಅವನ ಉತ್ತರ ಇಂದಿನದಲ್ಲ. ಪ್ರಶ್ನೆ ಮಾತ್ರ ಸರಿಯಾಗಿತ್ತು.

ಮಹಾರಾಷ್ಟ್ರದಲ್ಲಿ ನರೇಂದ್ರ ದಾಭೋಲ್ಕರ್ ಅವರ ಹತ್ಯೆ 2013ರ ಆಗಸ್ಟ್ 20ರಂದು ನಡೆದ ಬಳಿಕ ಅಲ್ಲಿನ ಕಾನೂನು ಬಂದಿತು. ಕರ್ನಾಟಕದಲ್ಲಿ ಅಮಾನವೀಯ ಅನಿಷ್ಟ ಪದ್ಧತಿಗಳು ಮತ್ತು ವಾಮಾಚಾರವನ್ನು ತಡೆಯುವ ವಿಧೇಯಕ 2017ರ ನವೆಂಬರ್‌ನಲ್ಲಿ ಬೆಳಗಾವಿಯ ಅಧಿವೇಶನದಲ್ಲಿ ಅಂಗೀಕಾರವಾಗಿ, 2020ರ ಜನವರಿಯಲ್ಲಿ ಜಾರಿಗೆ ಬಂದಿತು. ಈ ಕಾನೂನು ನಂಬಿಕೆಯನ್ನು ಶಿಕ್ಷಿಸುವುದಿಲ್ಲ. ಪ್ರದಕ್ಷಿಣೆ, ಯಾತ್ರೆ, ಹರಿಕಥೆಗಳನ್ನು, ಜೈನರ ಕೇಶಲೋಚನವನ್ನು ಅದು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ತನ್ನ ದೇಹಕ್ಕೆ ತಾನೇ ತಿಳಿದು ವಿಧಿಸಿಕೊಳ್ಳುವ ತಪಸ್ಸಿಗೂ ಮತ್ತೊಬ್ಬನ ದೇಹದ ಮೇಲೆ ನಡೆಸುವ ಹಿಂಸೆಗೂ ನಡುವೆ ಗೆರೆ ಎಳೆಯುವ ಈ ಪ್ರಯತ್ನ ತಾತ್ತ್ವಿಕವಾಗಿ ಮಹತ್ತ್ವದ್ದು. ಎಂಟು ಶತಮಾನಗಳ ಹಿಂದೆ ಚಂಡಮಾರಿಯ ಗುಡಿಯಲ್ಲಿ ಇಬ್ಬರು ಎಳೆಯ ತಪಸ್ವಿಗಳು ರಾಜನಿಗೆ ವಿವರಿಸಿದ ಅಂತರವೂ ಇದೇ.

ಆದರೆ ಕಾನೂನಿನ ಕೈಗೆ ಸಿಗುವುದು ಕೃತ ಮತ್ತು ಕಾರಿತ ಮಾತ್ರ. ಅನುಮತ ಸಿಗುವುದಿಲ್ಲ. ಕತ್ತಲೆಯ ಚಿತ್ರಮಂದಿರದಲ್ಲಿ ಮಾಂತ್ರಿಕನ ಅಂತ್ಯಕ್ಕೆ ಸಿಳ್ಳೆ ಹಾಕುವ ಪ್ರೇಕ್ಷಕ ಯಾರನ್ನೂ ಹೊಡೆದಿಲ್ಲ. ಹಿಟ್ಟಿನ ಕೋಳಿಯಂತೆ ಅಲ್ಲಿ ಸತ್ತವನೂ ನಿಜವಲ್ಲ. ಆದರೂ ಆ ಸಿಳ್ಳೆ ಊರಿಗೆ ಮರಳಿದಾಗ ಅದಕ್ಕೊಂದು ಹೆಸರು, ಒಂದು ಮನೆ, ಒಂದು ಬಾಯಿ ಸಿಕ್ಕಬಹುದು. ಈ ಅನುಮೋದನೆಯ ಚರಿತ್ರೆಯನ್ನು ಬರೆಯಲು ಬೇಕಾದ ಆಕರಗಳು ಶಾಸನಗಳಲ್ಲಿಲ್ಲ, ಕಾವ್ಯಗಳಲ್ಲಿಯೂ ಪೂರ್ತಿಯಾಗಿಲ್ಲ. ಅವು ಠಾಣೆಯ ದಾಖಲೆಗಳಲ್ಲಿ, ನ್ಯಾಯಾಲಯದ ಹೇಳಿಕೆಗಳಲ್ಲಿ, ಊರು ಬಿಟ್ಟು ಹೋದ ಕುಟುಂಬಗಳ ನೆನಪುಗಳಲ್ಲಿ ಇವೆ. ರಾಯಚೂರು, ದೇವದುರ್ಗ, ಮಾನ್ವಿಗಳ ದಾಸಸಾಹಿತ್ಯ ಸಂಗ್ರಹವಾಗಿದೆ, ಜೈನ ಕಾವ್ಯಗಳು ಸಂಪಾದನೆಗೊಂಡಿವೆ, ತತ್ತ್ವಪದಗಳು ಅಚ್ಚಾಗಿವೆ. ‘ಮಾಡಿಸ್ಯಾರ’ ಎಂಬ ಮಾತಿಗೆ ಗುರಿಯಾದವರು ಏನು ಹೇಳಿದರು ಎಂಬುದನ್ನು ಅವರ ನುಡಿಯಲ್ಲಿಯೇ ಬರೆದಿಡುವ ಕೆಲಸ ಕನ್ನಡದ ಸಂಶೋಧಕರ ಮುಂದೆ ಉಳಿದಿದೆ. ಆ ತಲೆಮಾರು ಈಗ ವೃದ್ಧಾಪ್ಯದಲ್ಲಿದೆ.